ತೋಟಾ ಸರಿ ಇಲ್ಲ ಅಂದ್ರೆ ಏನರ್ಥ?

ಕಳೆದ ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತಕ್ಕೆ ಅಂತ ನಾವು ಮೂವರು ನಮ್ಮ ರೂಮ್‌ಮೇಟ್‌ನ ಊರಿಗೆ, ಕೊಡಗಿಗೆ ಹೋಗಿದ್ವಿ. ಬೆಳಗ್ಗೆ ಕೋವಿಗಳಿಗೆ ಹೂವಿಟ್ಟು ಪೂಜೆ, ಮಧ್ಯಾಹ್ನ ಕಡಂಬುಟ್ಟು ಊಟ, ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ. ರೂಮ್‌ಮೇಟ್‌ನ ಅಣ್ಣ ಪ್ರತಿವರ್ಷ ಬಹುಮಾನ ತರುವವರು ಅಂತ ನಮಗೆ ಮೊದಲೇ ಬಿಲ್ಡಪ್ ಕೊಟ್ಟಿದ್ರು. ಈ ಸಲ ಮೂರಕ್ಕೆ ಮೂರೂ ಮಿಸ್. ವಾಪಸ್ ಬಂದವರೇ ಅಣ್ಣ ಹೇಳಿದ್ದು ಒಂದೇ ಮಾತು: "ತೋಟಾ ಸರಿ ಇಲ್ಲ."

ನಾವು ಇಂಗ್ಲಿಷ್ ಮೀಡಿಯಂನವರು. ತೋಟ ಅಂದ್ರೆ ಕಾಫಿ ತೋಟ ಅಂದುಕೊಂಡ್ವಿ. ತೋಟಕ್ಕೂ ಗುರಿಗೂ ಏನು ಸಂಬಂಧ ಅಂತ ಕೇಳಿ ಎಲ್ಲರನ್ನೂ ನಗಿಸಿದ ಮೇಲೆ ಗೊತ್ತಾಯ್ತು, ಕಾರ್ಟ್ರಿಡ್ಜ್‌ಗೆ ಕನ್ನಡದಲ್ಲಿ ತೋಟಾ ಅಂತಾರೆ. ಅವರು ಯಾವಾಗಲೂ ಬಳಸುವ .22 ತೋಟಾ ಈ ವರ್ಷ ಅಂಗಡಿಯಲ್ಲಿ ಸಿಗಲಿಲ್ಲವಂತೆ, ಬೇರೆ ಕಂಪನಿಯದ್ದು ತಂದಿದ್ರಂತೆ. ನಮ್ಮ ನಗೆ ನಮ್ಮ ಮೇಲಿಂದ ಅಣ್ಣನ ಮೇಲೆ ಹೋಗಲಿ ಅಂತ ನಾವು "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದ್ವಿ. ಆಗ ಪಕ್ಕದಲ್ಲಿ ಕೂತಿದ್ದ ಮಾವ (ರೂಮ್‌ಮೇಟ್‌ನ ಸೋದರಮಾವ, ನಾವೂ ಮಾವ ಅಂತಲೇ ಕರೆಯೋದು) ತಿರುಗಿ ಕೇಳಿದ್ರು: "ನೀವೆಲ್ಲ ಮೆಕ್ಯಾನಿಕಲ್ ತಾನೇ? ಕ್ಯಾಂಟಿಲಿವರ್ ಬೀಮ್ ಓದಿಲ್ವಾ?"

ಈ ಲೇಖನ ಶುರುವಾಗಿದ್ದು ಅಲ್ಲಿಂದ.

ಮಾವ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿದ್ದಾರೆ. ಅಲ್ಲಿ ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ ಒಂಬತ್ತು ದಿನ, ರೈಫಲ್ ಹಿಡಿದು ಜಿಂಕೆ ಬೇಟೆಯಾಡೋಕೆ ಸರ್ಕಾರವೇ ಅನುಮತಿ ಕೊಡುತ್ತೆ. ಲೈಸೆನ್ಸ್ ಬೇಕು, ಎಷ್ಟು ಜಿಂಕೆ ಅನ್ನೋದಕ್ಕೂ ಲೆಕ್ಕ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಇಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳೋಕೆ ಲೈಸೆನ್ಸ್ ವಿನಾಯಿತಿ ಇದೆ (2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸಿತು), ಆದರೆ ಅದು ಕೋವಿಗೆ, ಬೇಟೆಗಲ್ಲ. ಹಾಗಾಗಿ ಇಲ್ಲಿಂದ ಮುಂದಿನ ಕಥೆ ಪೂರ್ತಿ ವಿಸ್ಕಾನ್ಸಿನ್‌ದು. ನಮ್ಮಲ್ಲಿ ಒಬ್ಬ ಶುದ್ಧ ಸಸ್ಯಾಹಾರಿ. ಬೇಟೆ ಬಗ್ಗೆ ಯಾಕೆ ಬರೀಬೇಕು ಅಂತ ಅವನು ತಕರಾರು ತೆಗೆದಿದ್ದ. ಮಾವ ಹೇಳಿದ 2020ರ ಘಟನೆ ಕೇಳಿದ ಮೇಲೆ ಅವನೇ ಬರೆಯೋಣ ಅಂದ.

ಮಾವನ ರೈಫಲ್ .30-06. ಅಲ್ಲಿನವರು ಅದನ್ನ 'ಥರ್ಟಿ ಆಟ್ ಸಿಕ್ಸ್' ಅಂತ ಕರೀತಾರೆ. ಅದಕ್ಕೆ ಅವರು ವರ್ಷಗಟ್ಟಲೆ ಒಂದೇ ಬ್ರ್ಯಾಂಡಿನ 165 ಗ್ರೇನ್ ತೋಟಾ ಹಾಕ್ತಿದ್ರು. 2020ರಲ್ಲಿ ಅದು ಎಲ್ಲೂ ಸಿಗಲಿಲ್ಲ. ಕೋವಿಡ್ ಶುರುವಾದ ಕೂಡಲೇ ಅಮೆರಿಕದಲ್ಲಿ ಜನ ಬಂದೂಕು ಮತ್ತು ತೋಟಾ ಕೊಳ್ಳೋಕೆ ಮುಗಿಬಿದ್ರು, ಲಕ್ಷಗಟ್ಟಲೆ ಜನ ಮೊದಲ ಸಲ ಬಂದೂಕು ತಗೊಂಡ್ರು. ದೊಡ್ಡ ಕಂಪನಿಗಳಲ್ಲೊಂದಾದ ರೆಮಿಂಗ್ಟನ್ ಅದೇ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು. ಜೊತೆಗೆ ತೋಟಾದ ಹಿಂಬದಿಯಲ್ಲಿ ಕಿಡಿ ಹೊತ್ತಿಸೋ ಪುಟ್ಟ ಪ್ರೈಮರ್ ಇರುತ್ತಲ್ಲ, ಅದನ್ನ ಆ ದೇಶದಲ್ಲಿ ಮಾಡೋ ಕಂಪನಿಗಳೇ ಬೆರಳೆಣಿಕೆಯಷ್ಟು. ಪ್ರೈಮರ್ ಇಲ್ಲಾಂದ್ರೆ ಹಿತ್ತಾಳೆ, ಮದ್ದು, ಗುಂಡು ಎಲ್ಲ ಇದ್ದೂ ಪ್ರಯೋಜನ ಇಲ್ಲ. ಇದ್ದ ಪ್ರೈಮರ್‌ಗಳೂ ಮೊದಲು ಪಿಸ್ತೂಲಿನಂಥ ಹೆಚ್ಚು ಮಾರಾಟವಾಗೋ ತೋಟಾಗಳಿಗೆ ಹೋದವು. ಬೇಟೆ ತೋಟಾಗಳು ಸಾಲಿನ ಕೊನೆಯಲ್ಲಿ.

ಸೀಸನ್ನಿಗೆ ಎರಡು ದಿನ ಇರುವಾಗ ಮಾವನಿಗೆ ಅದೇ 165 ಗ್ರೇನ್‌ನ ಬೇರೆ ಬ್ರ್ಯಾಂಡಿನ ಒಂದು ಡಬ್ಬಿ ಸಿಕ್ಕಿತು. ತೂಕ ಒಂದೇ, ಹೆಸರು ಒಂದೇ. ಪರೀಕ್ಷೆ ಮಾಡೋಕೆ ಹೋದರೆ ಇರೋ 20ರಲ್ಲಿ ಅರ್ಧ ಖಾಲಿಯಾಗುತ್ತೆ ಅಂತ ಹಾಗೇ ಕಾಡಿಗೆ ಹೋದ್ರು. ಮೊದಲ ಸಂಜೆ ಒಂದು ಹೆಣ್ಣು ಜಿಂಕೆಗೆ ಗುರಿ ಇಟ್ಟರು. ಗುಂಡು ಎದೆಗೆ ಬೀಳಬೇಕಾದದ್ದು ಹಿಂದೆ, ಹೊಟ್ಟೆಗೆ ಬಿತ್ತು. ಜಿಂಕೆ ಓಡಿತು. ರಾತ್ರಿ ಹತ್ತರ ತನಕ ಟಾರ್ಚ್ ಹಿಡಿದು ರಕ್ತದ ಹನಿ ನೋಡ್ತಾ ಹೋದರೂ ಸಿಗಲಿಲ್ಲ. ಮರುದಿನ ಬೆಳಗ್ಗೆ ಒಂದು ಜೌಗಿನ ಅಂಚಲ್ಲಿ ಸಿಕ್ಕಿತಂತೆ. "ಅದು ಎಷ್ಟು ಹೊತ್ತಿಗೆ ಸತ್ತಿತು ಅಂತ ನಾನು ಲೆಕ್ಕ ಹಾಕೋಕೆ ಹೋಗಲಿಲ್ಲ" ಅಂದ್ರು ಮಾವ. ನಾವು ಯಾರೂ ಏನೂ ಮಾತಾಡಲಿಲ್ಲ.

ತಪ್ಪು ತೋಟಾದ್ದೋ ಕೈಯದ್ದೋ ಅಂತ ಅವರಿಗೆ ಇವತ್ತಿಗೂ ಖಚಿತವಿಲ್ಲ. ಚಳಿಗೆ ಕೈ ನಡುಗಿರಬಹುದು. ಆದರೆ ಮನೆಗೆ ಬಂದು ಅದೇ ಡಬ್ಬಿಯ ಮೂರು ತೋಟಾ ಕಾಗದದ ಮೇಲೆ ಹೊಡೆದಾಗ ಮೂರೂ ಗುರಿಯಿಂದ ಮೂರು ಇಂಚು ಎಡಕ್ಕೆ ಬಿದ್ದವಂತೆ. ತೂಕ ಒಂದೇ ಆಗಿದ್ರೂ ಹೀಗೆ ಯಾಕೆ?

ಅದಕ್ಕೆ ಮೊದಲು ಒಂದು ಸಣ್ಣ ಪಾಠ. ತೋಟಾ ಅಂದ್ರೆ ಪೂರ್ತಿ ಪ್ಯಾಕೇಜ್: ಹಿತ್ತಾಳೆ ಕೇಸ್, ಅದರೊಳಗೆ ಮದ್ದು, ಹಿಂದೆ ಪ್ರೈಮರ್, ಮುಂದೆ ಗುಂಡು. ಹಾರಿಹೋಗೋದು ಗುಂಡು ಮಾತ್ರ. ಗುಂಡಿನ ತೂಕವನ್ನ ಗ್ರೇನ್‌ನಲ್ಲಿ ಹೇಳ್ತಾರೆ. ಒಂದು ಗ್ರೇನ್ ಅಂದ್ರೆ 64.8 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರು ಚಿನ್ನ ತೂಗ್ತಿದ್ದ ಗುಲಗಂಜಿ ಗೊತ್ತಲ್ಲ, ಅದು ಸುಮಾರು 120 ಮಿಲಿಗ್ರಾಂ, ಅಂದ್ರೆ ಎರಡು ಗ್ರೇನ್‌ಗೆ ಸ್ವಲ್ಪ ಕಮ್ಮಿ. ಮಾವನ 165 ಗ್ರೇನ್ ಗುಂಡು ತಕ್ಕಡಿಗೆ ಹಾಕಿದ್ರೆ ಹತ್ತಿರ ಹತ್ತಿರ 90 ಗುಲಗಂಜಿ, 10.7 ಗ್ರಾಂ.

ಇನ್ನು ಹೆಸರುಗಳು. ಇವನ್ನ ಇಟ್ಟವರಿಗೆ ನಮ್ಮ ಡ್ರಾಯಿಂಗ್ ಮೇಡಂ ಆಗಿದ್ರೆ ಸೊನ್ನೆ ಮಾರ್ಕ್ ಕೊಡ್ತಿದ್ರು. .30-06ರಲ್ಲಿ 06 ಅಂದ್ರೆ 1906, ಅಮೆರಿಕ ಸೈನ್ಯ ಅದನ್ನ ಒಪ್ಪಿಕೊಂಡ ವರ್ಷ. ಅದರ ಗುಂಡಿನ ವ್ಯಾಸ .30 ಇಂಚು ಅಲ್ಲ, .308. 1952ರಲ್ಲಿ ಬಂದ .308 ವಿಂಚೆಸ್ಟರ್ ಅನ್ನೋ ತೋಟಾಕ್ಕೂ ಅದೇ .308 ಗುಂಡು. ಆದರೆ ಒಂದರ ಕೇಸ್ 63 ಮಿಲಿಮೀಟರ್ ಉದ್ದ, ಇನ್ನೊಂದರದ್ದು 51. .270 ಅನ್ನೋದರ ಗುಂಡು .277. ಅಂಗಡಿ ಖಾಲಿ ಹೊಡೀತಿರುವಾಗ "ಅದೂ ಮೂವತ್ತೇ, ಇದೂ ಮೂವತ್ತೇ" ಅಂತ ಸಿಕ್ಕಿದ್ದು ತಗೊಂಡು ಬರೋ ಅಪಾಯ ಇಲ್ಲೇ ಇರೋದು.

ಬದಲಿ ಅಂದ್ರೆ ಬೇರೆ ಹೆಸರಿನ ತೋಟಾ ಅಲ್ಲವೇ ಅಲ್ಲ. ನಳಿಗೆ ಮೇಲೆ ಕೊರೆದಿರೋ ಹೆಸರೂ ತೋಟಾದ ಹಿಂಭಾಗದಲ್ಲಿ ಅಚ್ಚಾಗಿರೋ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಇದಕ್ಕೆ ಮಾವ ಕೊಟ್ಟ ಉದಾಹರಣೆ ನಮ್ಮನ್ನ ಹೆದರಿಸಿತು. .300 ಬ್ಲ್ಯಾಕೌಟ್ ಅನ್ನೋ ತೋಟಾ, .223 ಕೇಸನ್ನೇ ಕುಳ್ಳಗೆ ಮಾಡಿ .308 ಗುಂಡು ಕೂರಿಸಿರೋದು. ಎರಡೂ ಒಂದೇ ಮ್ಯಾಗಜೀನ್‌ನಲ್ಲಿ ಕೂರುತ್ತೆ. ತಪ್ಪಿ .223 ರೈಫಲ್ಲಿಗೆ ಹೋದರೆ .308 ಇಂಚಿನ ಗುಂಡು .224 ಇಂಚಿನ ನಳಿಗೆ ಒಳಗೆ ನುಗ್ಗಬೇಕು. ರೈಫಲ್ ಕೈಯಲ್ಲೇ ಒಡೆಯುತ್ತೆ. ಇದು ನಿಜವಾಗಿ ಆಗಿರೋ ಅಪಘಾತ, ಒಂದೆರಡು ಸಲ ಅಲ್ಲ. ನಮ್ಮ ಕೊಡಗಿನ ಮನೆಗಳಲ್ಲಿರೋ 12 ಬೋರ್ ಕೋವಿಗೂ ಇಂಥದ್ದೇ ಒಂದು ಇದೆ. 20 ಬೋರ್ ತೋಟಾ ಚಿಕ್ಕದು, 12 ಬೋರ್ ನಳಿಗೆಗೆ ಹಾಕಿದ್ರೆ ಒಳಗೆ ಜಾರಿ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತೆ. ಖಾಲಿ ಇದೆ ಅಂದುಕೊಂಡು ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಸೀಳುತ್ತೆ. ಅದಕ್ಕೇ 20 ಬೋರ್ ತೋಟಾವನ್ನ ಹಳದಿ ಬಣ್ಣದಲ್ಲಿ ಮಾಡೋ ರೂಢಿ ಬಂದಿದ್ದು.

ಹೆಸರು ಸರಿ ಇದೆ ಅಂದುಕೊಳ್ಳೋಣ. ಆಮೇಲೆ ತೂಕ. .30-06ಕ್ಕೆ ಬೇಟೆಯಲ್ಲಿ ಸಾಮಾನ್ಯವಾಗಿ 150, 165, 180 ಗ್ರೇನ್ ಬಳಸ್ತಾರೆ. 150ರದ್ದು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 2,910 ಅಡಿ (887 ಮೀಟರ್), 180ರದ್ದು ಸುಮಾರು 2,700 ಅಡಿ (823 ಮೀಟರ್). ಅರ್ಧ ಎಂ ವಿ ಸ್ಕ್ವೇರ್ ಹಾಕಿ ನೋಡಿದ್ವಿ: ಮೊದಲನೆಯದು 3,820 ಜೂಲ್, ಎರಡನೆಯದು 3,950 ಜೂಲ್. ವ್ಯತ್ಯಾಸ ಏನೂ ಇಲ್ಲದಷ್ಟು. ಅಂದ್ರೆ ಜಿಂಕೆಗೆ ಈ ಮೂರರಲ್ಲಿ ಯಾವುದಾದ್ರೂ ಸಾಕು. ನಮ್ಮ ಊಹೆ ಏನಿತ್ತು ಅಂದ್ರೆ, ಭಾರದ ಗುಂಡು ನಿಧಾನ, ಹಾಗಾಗಿ ಹೆಚ್ಚು ಕೆಳಗೆ ಬೀಳುತ್ತೆ, ಗುರಿ ತಪ್ಪೋದು ಅದಕ್ಕೇ. ಅದನ್ನೂ ಲೆಕ್ಕ ಹಾಕಿದ್ವಿ. ಗಾಳಿಯ ತಡೆ ಸೇರಿಸಿ ಸರಾಸರಿ ವೇಗ ಹಿಡಿದರೆ 100 ಗಜ ಹೋಗೋಕೆ 150ಕ್ಕೆ 0.108 ಸೆಕೆಂಡ್, 180ಕ್ಕೆ 0.115. ಅಷ್ಟರಲ್ಲಿ ಗುರುತ್ವದಿಂದ ಬೀಳೋದು ಒಂದು 2.25 ಇಂಚು, ಇನ್ನೊಂದು 2.57 ಇಂಚು. ವ್ಯತ್ಯಾಸ ಮೂರನೇ ಒಂದು ಇಂಚು. ಮಾವನ ಕಾಗದದಲ್ಲಿ ಕಂಡಿದ್ದು ಮೂರು ಇಂಚು, ಅದೂ ತೂಕ ಒಂದೇ ಇದ್ದಾಗ, ಅದೂ ಎಡಕ್ಕೆ. ಗುರುತ್ವ ಯಾರನ್ನೂ ಎಡಕ್ಕೆ ಎಳೆಯಲ್ಲ.

ಕ್ಯಾಂಟಿಲಿವರ್ ಬರೋದು ಈಗ. ರೈಫಲ್ ನಳಿಗೆ ಒಂದು ಕಡೆ ಗಟ್ಟಿಯಾಗಿ ಕೂತಿದೆ, ಇನ್ನೊಂದು ತುದಿ ಗಾಳಿಯಲ್ಲಿದೆ. ಮದ್ದು ಹೊತ್ತಿದ ಕೂಡಲೇ ಅದು ನಡುಗುತ್ತೆ, ಲ್ಯಾಬ್‌ನಲ್ಲಿ ನಾವು ಸ್ಟೀಲ್ ಸ್ಕೇಲನ್ನ ಟೇಬಲ್ ಅಂಚಿಗೆ ಒತ್ತಿಹಿಡಿದು ಬಾರಿಸ್ತೀವಲ್ಲ ಹಾಗೆ. ಗುಂಡು ನಳಿಗೆ ಒಳಗಿರೋದು ಒಂದು ಮಿಲಿಸೆಕೆಂಡ್ ಚಿಲ್ಲರೆ ಮಾತ್ರ. ಅದು ತುದಿ ದಾಟೋ ಕ್ಷಣದಲ್ಲಿ ತುದಿ ಯಾವ ಕಡೆ ವಾಲಿತ್ತೋ ಆ ಕಡೆ ಹೋಗುತ್ತೆ. ಬೇರೆ ಬ್ರ್ಯಾಂಡಿನ ಮದ್ದು ಬೇರೆ ಥರ ಉರಿಯುತ್ತೆ, ಒತ್ತಡ ಬೇರೆ, ಗುಂಡು ಹೊರಬೀಳೋ ಟೈಮಿಂಗ್ ಬೇರೆ, ಹಿಂದಕ್ಕೆ ಒದೆಯೋ ರೀತಿ ಬೇರೆ. ತುದಿ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ ವಾಲಿದ್ರೆ ಸಾಕು, 100 ಗಜದಲ್ಲಿ 1.047 ಇಂಚು ಆಚೀಚೆ. ಹಾಗಾಗಿ ಡಬ್ಬಿ ಮೇಲೆ ಬರೆದಿರೋ ನಂಬರ್ ಎಲ್ಲ ಒಂದೇ ಆಗಿದ್ರೂ ನಿಮ್ಮ ರೈಫಲ್‌ಗೆ ಅದು ಹೊಸ ತೋಟಾನೇ. ಇದನ್ನ ಯಾವ ಟೇಬಲ್ ನೋಡಿಯೂ ಮೊದಲೇ ಹೇಳೋಕಾಗಲ್ಲ, ಹೊಡೆದೇ ನೋಡಬೇಕು.

ಚಳಿಯೂ ಇದೆ. ಮದ್ದು ತಣ್ಣಗಿದ್ರೆ ಸಾಮಾನ್ಯವಾಗಿ ವೇಗ ಸ್ವಲ್ಪ ಕಮ್ಮಿಯಾಗುತ್ತೆ, ಎಷ್ಟು ಅನ್ನೋದು ಮದ್ದಿನ ಮೇಲೆ. ಆಗಸ್ಟ್ ಬಿಸಿಲಲ್ಲಿ ಗುರಿ ಸೆಟ್ ಮಾಡಿ ನವೆಂಬರ್‌ನ ಮೈನಸ್ ಡಿಗ್ರಿಯಲ್ಲಿ ಹೊಡೆಯೋರು ಇದನ್ನ ಮರೀತಾರೆ.

ಇನ್ನೊಂದು ವಿಷಯ ನಳಿಗೆ ಒಳಗಿನ ತಿರುಚು. ಗುಂಡು ಬುಗುರಿ ಥರ ತಿರುಗದೆ ಇದ್ರೆ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತೆ, ಅದಕ್ಕೆ ಒಳಗೆ ಸುರುಳಿ ಗೆರೆ ಕೊರೆದಿರ್ತಾರೆ. ಮಾವನ ರೈಫಲ್ 10 ಇಂಚಿಗೆ ಒಂದು ಸುತ್ತು. 2,700 ಅಡಿ ವೇಗಕ್ಕೆ ಅದು ನಿಮಿಷಕ್ಕೆ 1,94,400 ಸುತ್ತು! (ಕ್ಯಾಲ್ಕುಲೇಟರ್ ತಪ್ಪು ಅಂತ ಎರಡು ಸಲ ನೋಡಿದ್ವಿ.) ಎಷ್ಟು ತಿರುಚು ಬೇಕು ಅನ್ನೋದು ಗುಂಡಿನ ಉದ್ದದ ಮೇಲೆ ಹೋಗುತ್ತೆ. 1879ರಲ್ಲಿ ಗ್ರೀನ್‌ಹಿಲ್ ಅನ್ನೋ ಇಂಗ್ಲಿಷ್ ಗಣಿತಜ್ಞ ಇದಕ್ಕೊಂದು ಸುಲಭದ ಅಂದಾಜು ಕೊಟ್ಟ: 150ನ್ನ ವ್ಯಾಸದ ವರ್ಗದಿಂದ ಗುಣಿಸಿ ಉದ್ದದಿಂದ ಭಾಗಿಸಿ. .308 ಗುಂಡು 1.2 ಇಂಚು ಉದ್ದ ಇದ್ರೆ ಸುಮಾರು 11.9 ಇಂಚಿಗೆ ಒಂದು ಸುತ್ತು ಸಾಕು. 1.4 ಇಂಚು ಇದ್ರೆ 10.2 ಬೇಕು.

ಇದನ್ನ ಕಡೆಗಣಿಸಿದ್ದಕ್ಕೆ ಒಂದು ಕಂಪನಿ ಬೆಲೆ ಕಟ್ಟಿದ ಕಥೆ ನಮಗೆ ತುಂಬಾ ಇಷ್ಟ ಆಯ್ತು. 1955ರಲ್ಲಿ ವಿಂಚೆಸ್ಟರ್ .243 ತಂದಿತು, ರೆಮಿಂಗ್ಟನ್ .244 ತಂದಿತು. ಗುಂಡಿನ ವ್ಯಾಸ ಎರಡಕ್ಕೂ ಒಂದೇ. ವಿಂಚೆಸ್ಟರ್ 10 ಇಂಚಿನ ತಿರುಚು ಕೊಟ್ಟಿತು, ಜಿಂಕೆಗೆ ಬೇಕಾದ 100 ಗ್ರೇನ್ ಗುಂಡು ಸರಿಯಾಗಿ ಹಾರಿತು. ರೆಮಿಂಗ್ಟನ್, ಜನ ಇದನ್ನ ಸಣ್ಣ ಪ್ರಾಣಿಗೆ ಬಳಸ್ತಾರೆ ಅಂದುಕೊಂಡು ಹಗುರ ಗುಂಡಿಗೆ ಸರಿಹೋಗೋ 12 ಇಂಚು ಇಟ್ಟಿತು. ಜನ ವಿಂಚೆಸ್ಟರ್ ಹಿಂದೆ ಹೋದ್ರು. 1963ರಲ್ಲಿ ರೆಮಿಂಗ್ಟನ್ ಅದೇ ತೋಟಾಕ್ಕೆ 6 ಎಂಎಂ ಅಂತ ಹೊಸ ಹೆಸರಿಟ್ಟು, 9 ಇಂಚಿನ ತಿರುಚು ಕೊಟ್ಟು ಮತ್ತೆ ಬಿಟ್ಟಿತು. ಅಷ್ಟು ಹೊತ್ತಿಗೆ ಬಸ್ ಹೋಗಿಯಾಗಿತ್ತು.

ಇದು ಇವತ್ತು ಮುಖ್ಯ ಆಗೋದು ತಾಮ್ರದ ಗುಂಡಿನಿಂದ. ಸೀಸದ ಚೂರು ತಿಂದು ಕಾಂಡೋರ್ ಹದ್ದುಗಳು ಸಾಯ್ತಿದ್ದದ್ದರಿಂದ ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ, 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನ ಪೂರ್ತಿ ನಿಷೇಧಿಸಿತು. ಬೇರೆ ಕಡೆಯೂ ಸೀಸದ್ದು ಸಿಗದಿದ್ದಾಗ ಅಂಗಡಿಯಲ್ಲಿ ಉಳಿದಿರೋದು ದುಬಾರಿಯಾದ ತಾಮ್ರದ್ದೇ. ತಾಮ್ರದ ಸಾಂದ್ರತೆ ಸೀಸಕ್ಕಿಂತ ಕಮ್ಮಿ, ಅದೇ ತೂಕಕ್ಕೆ ಗುಂಡು ಉದ್ದ ಆಗುತ್ತೆ, ಉದ್ದ ಆದ್ರೆ ತಿರುಚು ಜಾಸ್ತಿ ಬೇಕು. ಮಾವನ 10 ಇಂಚಿನ ನಳಿಗೆಗೆ ತೊಂದರೆ ಇಲ್ಲ. 12 ಇಂಚಿನ ಹಳೇ .308 ಇಟ್ಟುಕೊಂಡವರು ಯೋಚನೆ ಮಾಡಬೇಕು. ತಾಮ್ರ ಒಳಗೆ ಹೋದ ಮೇಲೂ ಚೂರಾಗದೆ ಹೆಚ್ಚುಕಮ್ಮಿ ಪೂರ್ತಿ ತೂಕ ಉಳಿಸಿಕೊಳ್ಳುತ್ತೆ, ಆದರೆ ತುದಿ ಅರಳೋಕೆ ವೇಗ ಬೇಕು. ಹಾಗಾಗಿ 165ರ ಸೀಸದವರು ತಾಮ್ರಕ್ಕೆ ಹೋಗುವಾಗ ಒಂದು ಹೆಜ್ಜೆ ಇಳಿದು 150 ತಗೊಳ್ತಾರೆ.

ಅರಳೋದು ಅಂದ್ವಲ್ಲ. ಅಭಾವದ ಕಾಲದಲ್ಲಿ ದೊಡ್ಡ ಆಸೆ ಹುಟ್ಟಿಸೋದು ಸೈನ್ಯದ ಥರದ, ಪೂರ್ತಿ ತಾಮ್ರದ ಹೊದಿಕೆ ಇರೋ ಅಗ್ಗದ ಗುಂಡು. ಅದು ಅರಳಲ್ಲ. ಸೂಜಿ ಥರ ಈ ಕಡೆಯಿಂದ ಆ ಕಡೆ ಹೋಗುತ್ತೆ, ಪ್ರಾಣಿ ತುಂಬಾ ದೂರ ಓಡಿ ನಿಧಾನಕ್ಕೆ ಸಾಯುತ್ತೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಜಿಂಕೆಗೆ ಅದನ್ನ ಹೊಡೆಯೋದು ಕಾನೂನುಬಾಹಿರ. ಸ್ಪರ್ಧೆಗೆ ಅಂತ ಮಾಡಿರೋ ಮ್ಯಾಚ್ ಗುಂಡೂ ಹಾಗೇ, ಕಾಗದದಲ್ಲಿ ಅಷ್ಟು ಚಂದದ ತೂತು ಮಾಡುತ್ತೆ ಅಂತ ಮೋಸ ಹೋಗಬಾರದು. ಅದು ಪ್ರಾಣಿಯೊಳಗೆ ಹೇಗೆ ವರ್ತಿಸುತ್ತೆ ಅಂತ ಯೋಚಿಸಿ ಮಾಡಿದ್ದಲ್ಲ.

2021ರಲ್ಲಿ ಮಾವ ಬೇಸಿಗೆಯಲ್ಲೇ ಹುಡುಕೋಕೆ ಶುರು ಮಾಡಿದ್ರು. ಮೂರು ಬ್ರ್ಯಾಂಡಿನ ಬೇಟೆ ತೋಟಾ ಒಂದೊಂದು ಡಬ್ಬಿ ಸಿಕ್ಕಿತು: ಒಂದು 150, ಒಂದು 165, ಒಂದು 180. ಅಕ್ಟೋಬರ್ ಕೊನೆಯ ಚಳಿಯಲ್ಲಿ ರೇಂಜ್‌ಗೆ ಹೋಗಿ, ಮರಳುಚೀಲದ ಮೇಲೆ ರೈಫಲ್ ಇಟ್ಟು, 100 ಗಜಕ್ಕೆ ಪ್ರತಿಯೊಂದರಲ್ಲೂ ಮೂರು ಮೂರು ಹೊಡೆದ್ರು. ಮಧ್ಯೆ ನಳಿಗೆ ತಣ್ಣಗಾಗೋಕೆ ಬಿಟ್ಟರು, ಯಾಕಂದ್ರೆ ಕಾಡಲ್ಲಿ ಸಿಗೋದು ತಣ್ಣಗಿನ ನಳಿಗೆಯ ಒಂದು ಗುಂಡು ಮಾತ್ರ. 150ರ ಮೂರು ತೂತುಗಳ ನಡುವೆ ಮೂರೂವರೆ ಇಂಚು, 165ರಲ್ಲಿ ಎರಡೂಕಾಲು, 180ರಲ್ಲಿ ಒಂದೂವರೆ. ಆದರೆ 180ರ ಗುಂಪು ಗುರಿಯಿಂದ ಎರಡು ಇಂಚು ಕೆಳಗೆ, ಒಂದು ಇಂಚು ಬಲಕ್ಕೆ ಇತ್ತು. 165ರದ್ದು ಸರಿಯಾಗಿ ನಡುಮಧ್ಯೆ.

ನೀವಾಗಿದ್ರೆ ಯಾವುದು ತಗೋತಿದ್ರಿ? ನಾವು ಮೂವರೂ ಒಟ್ಟಿಗೆ 165 ಅಂದ್ವಿ. ಮಾವ ಹಣೆ ಚಚ್ಚಿಕೊಂಡ್ರು. "ಮೆಟ್ರಾಲಜಿ ಲ್ಯಾಬ್‌ನಲ್ಲಿ ಅಕ್ಯುರೆಸಿ ಬೇರೆ, ಪ್ರಿಸಿಶನ್ ಬೇರೆ ಅಂತ ಬರೆದು ಪಾಸಾದವರಲ್ವಾ ನೀವು?" ಗುಂಪು ಎಲ್ಲಿದೆ ಅನ್ನೋದನ್ನ ಸ್ಕೋಪಿನ ತಿರುಪಿನಿಂದ ಸರಿ ಮಾಡಬಹುದು. ಅವರ ಸ್ಕೋಪ್‌ನಲ್ಲಿ ಒಂದು ಕ್ಲಿಕ್ಕಿಗೆ 100 ಗಜದಲ್ಲಿ ಕಾಲು ಇಂಚು, ಅಂದ್ರೆ ಎಂಟು ಕ್ಲಿಕ್ ಮೇಲಕ್ಕೆ, ನಾಲ್ಕು ಎಡಕ್ಕೆ, ಮುಗೀತು. ಗುಂಪು ಎಷ್ಟು ಹರಡಿದೆ ಅನ್ನೋದನ್ನ ಯಾವ ತಿರುಪೂ ಸರಿ ಮಾಡಲ್ಲ. ಮೂರೇ ಗುಂಡಿನಲ್ಲಿ ಅದೃಷ್ಟವೂ ಇರಬಹುದು ಅಂತ ಇನ್ನೊಂದು ದಿನ ಹೋಗಿ 180ರಲ್ಲಿ ಮತ್ತೆ ಎರಡು ಗುಂಪು ಹೊಡೆದ್ರು. ಹೆಚ್ಚುಕಮ್ಮಿ ಅಷ್ಟೇ ಬಂತು. ಆಮೇಲೆ ಅದೇ ಅಂಗಡಿಯಲ್ಲಿ ಅದೇ ಲಾಟ್ ನಂಬರಿನ ಇನ್ನೊಂದು ಡಬ್ಬಿ ತಗೊಂಡ್ರು, ಲಾಟ್ ಬದಲಾದರೂ ಸ್ವಲ್ಪ ಆಚೀಚೆ ಆಗಬಹುದು ಅಂತ. ಜಿಂಕೆಯ ಎದೆಯಲ್ಲಿ ಬೇಗ ಪ್ರಾಣ ಹೋಗೋ ಜಾಗ ಸುಮಾರು ಎಂಟು ಇಂಚಿನ ವೃತ್ತ. ಆ ವರ್ಷ 150 ಗಜಕ್ಕಿಂತ ದೂರ ಇದ್ರೆ ಹೊಡೆಯಲ್ಲ ಅಂತ ಮೊದಲೇ ತೀರ್ಮಾನಿಸಿದ್ರು. ಏಳನೇ ದಿನ 80 ಗಜದಲ್ಲಿ ಒಂದು ಗಂಡು ಜಿಂಕೆ ಬಂತು. ಒಂದೇ ಗುಂಡು, ನಿಂತಲ್ಲೇ ಬಿತ್ತು.

ಅಣ್ಣನ ಕಥೆಗೆ ಬಂದರೆ, ಸಂಜೆ ಅವರ ಎರಡೂ ಡಬ್ಬಿ ಪಕ್ಕಪಕ್ಕ ಇಟ್ಟು ನೋಡಿದ್ವಿ. ಹಳೇದು ಸ್ಟ್ಯಾಂಡರ್ಡ್, ಶಬ್ದದ ವೇಗಕ್ಕಿಂತ ಸ್ವಲ್ಪ ಕೆಳಗೆ ಹೋಗೋದು. ಹೊಸದು ಹೈ ವೆಲಾಸಿಟಿ, ಶಬ್ದವನ್ನ ದಾಟಿ ಹೋಗೋದು. ಗುರಿಕಟ್ಟು ಹಳೇದಕ್ಕೆ ಕೂರಿಸಿದ್ದು ಹಾಗೇ ಇತ್ತು. ನೆಲ ನಿಜವಾಗ್ಲೂ ಡೊಂಕಿತ್ತು. ನಾವು ಅಣ್ಣನಿಗೆ ಸಾರಿ ಕೇಳಿದ್ವಿ, ಅವರು ಮಾತ್ರ ಇನ್ನೂ ನಮ್ಮನ್ನ "ಏನ್ರೋ ಕಾಫಿ ತೋಟಾ" ಅಂತಲೇ ಕರೀತಾರೆ.

ಮಾವನ ಹತ್ತಿರ ಆ ಹಳೇ ಬ್ರ್ಯಾಂಡಿನ 165 ಗ್ರೇನ್ ತೋಟಾ ಇನ್ನೂ ಏಳು ಉಳಿದಿವೆಯಂತೆ. ಈಗ ಅಂಗಡಿಯಲ್ಲೂ ಅದು ಮತ್ತೆ ಸಿಗ್ತಿದೆ. ಆದರೆ ಸ್ಕೋಪ್ 180ಕ್ಕೆ ಸೆಟ್ ಆಗಿರೋದ್ರಿಂದ ಅವರು ಅದನ್ನ ಮುಟ್ಟಿಲ್ಲ. ಡಬ್ಬಿ ಮೇಲೆ ಮಾರ್ಕರ್‌ನಲ್ಲಿ "ಹಾಕಬೇಡ" ಅಂತ ಕನ್ನಡದಲ್ಲಿ ಬರೆದಿಟ್ಟಿದ್ದಾರೆ.